ವಿಮರ್ಶೆ ಯಾರಿಗಾಗಿ?

ಹೊರನಾಡಿನ ಕನ್ನಡ ಸಭೆಗಳಲ್ಲಿ ಹೊಸ ಪುಸ್ತಕದ ಬಗ್ಗೆ ಮಾತನಾಡುವವರು ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ: ಕೃತಿ ಚೆನ್ನಾಗಿದೆ, ಲೇಖಕರು ಇನ್ನೂ ಬರೆಯಲಿ. ಏಕೆ ಚೆನ್ನಾಗಿದೆ ಎಂದು ಯಾರಾದರೂ ಕೇಳಿದರೆ ಕೇಳಿದವರೇ ಸಭಾಮರ್ಯಾದೆ ತಿಳಿಯದವರಾಗುತ್ತಾರೆ. ಊರು ಬಿಟ್ಟು ಬಂದ ನಮಗೆ ಕನ್ನಡದಲ್ಲಿ ಅಚ್ಚಾದದ್ದೆಲ್ಲ ಅಕ್ಕರೆಯ ವಸ್ತು. ಹೆತ್ತವರಿಗೆ ಹೆಗ್ಗಣ ಮುದ್ದು. ಅಕ್ಕರೆ ಇರಬೇಕಾದ್ದೇ. ಆದರೆ ಅದು ವಿಮರ್ಶೆಯ ಪೀಠದಲ್ಲಿ ಕುಳಿತರೆ ಸಾಹಿತ್ಯಕ್ಕೂ ನಷ್ಟ, ನಮ್ಮ ಮಕ್ಕಳಿಗೂ ನಷ್ಟ.

ಇಂಥ ಸಭೆಗಳಲ್ಲಿ 'ಕವಿರಾಜಮಾರ್ಗ'ದ ಹೆಸರು ಬಾರದೆ ಇರುವುದಿಲ್ಲ. ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ವರ್ಣನೆ, ಓದು ಕಲಿಯದೆಯೂ ಕಾವ್ಯ ಬಲ್ಲ ಜನರ ಪ್ರಶಂಸೆ ಎಲ್ಲರಿಗೂ ಬಾಯಿಪಾಠ. ಒಂಬತ್ತನೆಯ ಶತಮಾನದ ಆ ಗ್ರಂಥವನ್ನು ನಮ್ಮ ಈ ಊರಿನ ಮದ್ರಾಸು ವಿಶ್ವವಿದ್ಯಾಲಯವೇ 1930ರಲ್ಲಿ ಎ. ವೆಂಕಟರಾವ್ ಮತ್ತು ಎಚ್. ಶೇಷಯ್ಯಂಗಾರ್ ಅವರ ಸಂಪಾದಕತ್ವದಲ್ಲಿ ಪ್ರಕಟಿಸಿತು. ಗ್ರಂಥವನ್ನು ತೆರೆದು ನೋಡಿದರೆ, ಆ ಪ್ರಶಂಸೆ ಬರುವ ಮೊದಲನೆಯ ಪರಿಚ್ಛೇದದ ಮುಖ್ಯ ವಿಷಯ ಕಾವ್ಯದೋಷವೆಂಬುದು ತಿಳಿಯುತ್ತದೆ. ದೋಷವುಳ್ಳ ಪದ್ಯವನ್ನು ಕೊಟ್ಟು, ತಪ್ಪು ಎಲ್ಲಿದೆಯೆಂದು ತೋರಿಸಿ, ಅದನ್ನೇ ತಿದ್ದಿ ಮುಂದಿಡುವ ಕ್ರಮ ಅಲ್ಲಿ ಕಾಣುತ್ತದೆ. ನಾಡಿನ ಮೇಲಿನ ಅಭಿಮಾನ ಆ ಕವಿಗೆ ತಪ್ಪು ತೋರಿಸಲು ಅಡ್ಡಿಯಾಗಲಿಲ್ಲ.

ಹೊಗಳಿಕೆಯ ಎದುರು ತುದಿಯಲ್ಲಿರುವುದು ನಿಷೇಧ. ಅದಕ್ಕೂ ನಮ್ಮ ಊರೇ ಸಾಕ್ಷಿ. ಅನಂತಮೂರ್ತಿಯವರ 'ಸಂಸ್ಕಾರ' ಪ್ರಕಟವಾದದ್ದು 1965ರಲ್ಲಿ. ಪಟ್ಟಾಭಿರಾಮ ರೆಡ್ಡಿಯವರು 1970ರಲ್ಲಿ ಅದನ್ನು ಚಲನಚಿತ್ರವಾಗಿ ತಂದಾಗ ಮದ್ರಾಸಿನ ಸೆನ್ಸಾರ್ ಮಂಡಳಿ ಮೊದಲು ತಡೆಯೊಡ್ಡಿತು. ಮುಂದೆ ತಡೆ ತೆರವಾಗಿ, ಆ ವರ್ಷದ ಅತ್ಯುತ್ತಮ ಚಿತ್ರವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು. ತಡೆಯಾಗಲಿ ಪ್ರಶಸ್ತಿಯಾಗಲಿ ಕೃತಿಯನ್ನು ನಮಗೆ ಅರ್ಥ ಮಾಡಿಸಲಾರದು. ಪ್ರಾಣೇಶಾಚಾರ್ಯರ ತಳಮಳ ಅಗ್ರಹಾರದ ಒಳಗಿನಿಂದಲೇ ಹುಟ್ಟಿದ್ದೋ, ಪಾಶ್ಚಾತ್ಯ ಚಿಂತನೆಯಿಂದ ಬಂದದ್ದೋ? ಚಂದ್ರಿ ಪೂರ್ಣ ವ್ಯಕ್ತಿಯೋ, ಆಚಾರ್ಯರ ಬದಲಾವಣೆಗೆ ಬರಿಯ ನೆಪವೋ? ಇಂಥ ಪ್ರಶ್ನೆಗಳಿಂದಲೇ ಆ ಕಾದಂಬರಿ ಇಂದಿಗೂ ಜೀವಂತವಾಗಿದೆ.

ವಿಮರ್ಶೆಗೆ ಈಗ ಇನ್ನೊಂದು ತೊಡಕು ಬಂದಿದೆ. ರೀಟಾ ಫೆಲ್ಸ್ಕಿ ಎಂಬ ವಿದುಷಿ 2015ರಲ್ಲಿ ಪ್ರಕಟಿಸಿದ 'ದಿ ಲಿಮಿಟ್ಸ್ ಆಫ್ ಕ್ರಿಟೀಕ್' ಗ್ರಂಥದಲ್ಲಿ, ಪ್ರತಿಯೊಂದು ಕೃತಿಯನ್ನೂ ಆಪಾದಿತನಂತೆ ನೋಡಿ ಒಳಗಿನ ಅಪರಾಧವನ್ನು ಹೊರಗೆಳೆಯುವ ಓದು ವಿದ್ವಾಂಸರಿಗೆ ಅಭ್ಯಾಸವೇ ಆಗಿಹೋಗಿದೆ ಎಂದು ಆಕ್ಷೇಪಿಸಿದರು. ಪುಸ್ತಕ ತೆರೆಯುವ ಮೊದಲೇ ಲೇಖಕರ ಜಾತಿ, ಪಕ್ಷ ವಿಚಾರಿಸುವುದು ನಮ್ಮಲ್ಲೂ ಉಂಟು. 2007ರಲ್ಲಿ ಭೈರಪ್ಪನವರ 'ಆವರಣ' ಬಂದಾಗ ಎರಡೂ ಕಡೆ ಎದ್ದ ಗದ್ದಲದಲ್ಲಿ, ಅದು ಕಾದಂಬರಿಯಾಗಿ ಹೇಗಿದೆ ಎಂಬ ಪ್ರಶ್ನೆ ಬಹುಮಟ್ಟಿಗೆ ಹಿಂದೆ ಸರಿಯಿತು. ಹಾಗೆಂದು ಸಂಶಯವನ್ನೇ ಬಿಟ್ಟುಬಿಡಲಾಗದು. 1970ರ ದಶಕದಲ್ಲಿ ದಲಿತ, ಬಂಡಾಯ ಲೇಖಕರು ನಮ್ಮ ಸಾಹಿತ್ಯದಲ್ಲಿ ಯಾರ ಬದುಕಿಗೆ ಎಡೆಯಿಲ್ಲ ಎಂದು ಕೇಳದಿದ್ದರೆ ನಮ್ಮ ಓದು ಇಂದಿಗೂ ಸಂಕುಚಿತವಾಗಿಯೇ ಇರುತ್ತಿತ್ತು. ಅವರ ಪ್ರಶ್ನೆ ಪಠ್ಯದ ಮುಂದೆ ನಿಂತು ಕೇಳಿದ್ದು. ಪಠ್ಯವನ್ನು ಓದದೆ ತೀರ್ಪು ಕೊಟ್ಟದ್ದಲ್ಲ.

ಸರ್ಕಾರಿ ಕಚೇರಿಯಲ್ಲಿ ಕಡತದ ಮೇಲೆ ಟಿಪ್ಪಣಿ ಬರೆಯುವ ಗುಮಾಸ್ತ ಕಾರಣ ಕೊಡದೆ ಶಿಫಾರಸು ಮಾಡಿದರೆ ಮೇಲಿನವರು ಅದನ್ನು ಹಿಂದಿರುಗಿಸುತ್ತಾರೆ. ಪ್ರಯೋಗಶಾಲೆಯಲ್ಲೂ ಅಷ್ಟೇ, ಇನ್ನೊಬ್ಬರು ಮಾಡಿ ನೋಡಲು ಬರುವಂತಿರಬೇಕು. ವಿಮರ್ಶಕರಿಂದ ನಾವು ಕೇಳಬೇಕಾದದ್ದೂ ಇದನ್ನೇ: ಯಾವ ಪುಟ, ಯಾವ ಮಾತು, ಏಕೆ? ಆಗ ಓದುಗರು ತಾವೇ ಪರೀಕ್ಷಿಸಿ ಒಪ್ಪಬಹುದು, ಬಿಡಬಹುದು.

ನಮ್ಮ ಮಕ್ಕಳಲ್ಲಿ ಅನೇಕರು ಶಾಲೆಯಲ್ಲಿ ತಮಿಳು, ಹಿಂದಿ ಇಲ್ಲವೆ ಇಂಗ್ಲಿಷ್ ಓದಿ, ಕನ್ನಡವನ್ನು ಅಕ್ಷರ ಕೂಡಿಸಿ ಓದುವವರು. ಎಲ್ಲ ಪುಸ್ತಕವೂ ಶ್ರೇಷ್ಠವೆಂದು ನಾವು ಹೇಳಿ, ಅವರು ಕಷ್ಟಪಟ್ಟು ಓದಿದ ಮೊದಲನೆಯದೇ ಸಪ್ಪೆಯಾಗಿದ್ದರೆ, ಎರಡನೆಯದನ್ನು ಮುಟ್ಟುವುದಿಲ್ಲ. ಆದ್ದರಿಂದ ನಮ್ಮ ಸಂಘಗಳಲ್ಲಿ ತಿಂಗಳಿಗೊಂದು ಪುಸ್ತಕವಿಟ್ಟುಕೊಂಡು, ಮಾತನಾಡುವವರು ತಮಗೆ ಹಿಡಿಸಿದ ಒಂದು ಪುಟವನ್ನೂ ಹಿಡಿಸದ ಒಂದು ಪುಟವನ್ನೂ ಓದಿ ಕಾರಣ ಹೇಳುವ ಪದ್ಧತಿ ಆರಂಭವಾಗಲಿ. ಕಿರಿಯರು ತಮಗೆ ಬರುವಷ್ಟು ಕನ್ನಡದಲ್ಲಿಯೇ ಎದುರು ಮಾತನಾಡಲಿ, ಹಿರಿಯರು ಅದಕ್ಕೆ ಉತ್ತರ ಕೊಡಲಿ. ವಿಮರ್ಶೆಯ ಭವಿಷ್ಯವನ್ನು ವಿಶ್ವವಿದ್ಯಾಲಯಗಳಿಗೆ ಮಾತ್ರ ಬಿಟ್ಟು ಕೂರಬೇಕಾಗಿಲ್ಲ.