ನೊಸ್ಫೆರಾಟುವಿನ ಕಳೆದುಹೋದ ಇರುಳು

ರಾಬರ್ಟ್ ಎಗ್ಗರ್ಸ್ ಅವರ ಹೊಸ ‘ನೊಸ್ಫೆರಾಟು’ (2024) ಬಂದ ಮೇಲೆ ಮುರ್ನೌ ತೆಗೆದ ಅದೇ ಹೆಸರಿನ 1922ರ ಮೂಕಿಚಿತ್ರದ ಹೊಗಳಿಕೆ ಮತ್ತೆ ಶುರುವಾಗಿದೆ. ಹೊಗಳುವವರೆಲ್ಲ ಮೆಟ್ಟಿಲೇರುವ ರಕ್ತಪಿಶಾಚಿಯ ಆ ನೆರಳಿನ ಹತ್ತಿರವೇ ನಿಂತುಬಿಡುತ್ತಾರೆ. ವಿಜಯನಗರದಲ್ಲೋ ಕೆಂಗೇರಿಯಲ್ಲೋ ಮನೆಯ ಟಿವಿಯಲ್ಲಿ ಯೂಟ್ಯೂಬ್ ಹಾಕಿಕೊಂಡು ನೋಡಿದ ಹುಡುಗರು ‘ಇದರಲ್ಲಿ ಹೆದರುವಂಥದ್ದೇನಿದೆ?’ ಎಂದರೆ ಅವರಿಗೆ ರುಚಿಯಿಲ್ಲ ಎಂದು ಬೈಗುಳ. ಹುಡುಗರ ಪ್ರಶ್ನೆ ಸರಿಯಾಗಿಯೇ ಇದೆ, ಅವರ ಕೈಗೆ ಸಿಕ್ಕ ಪ್ರತಿ ಕೆಟ್ಟದ್ದು.

ಒಂದೇ ದೃಶ್ಯ ನೋಡಿ. ವಿಸ್ಬೋರ್ಗ್ ಊರಿಗೆ ಬಂದಿಳಿದ ರಕ್ತಪಿಶಾಚಿ ಕೌಂಟ್ ಓರ್ಲಾಕ್ (ಮ್ಯಾಕ್ಸ್ ಶ್ರೆಕ್) ತನ್ನ ಶವಪೆಟ್ಟಿಗೆಯನ್ನು ಅವುಚಿಕೊಂಡು ಬೀದಿಯಲ್ಲಿ ನಡೆಯುತ್ತಾನೆ. ರಾತ್ರಿಯ ಹೊರಾಂಗಣವನ್ನು ಹಿಡಿಯುವ ಶಕ್ತಿ ಆ ಕಾಲದ ಫಿಲಂಗೆ ಇರಲಿಲ್ಲ. ಹಗಲಲ್ಲೇ ಚಿತ್ರೀಕರಿಸಿ, ಪ್ರಿಂಟಿಗೆ ನೀಲಿ ಬಣ್ಣ ಹಾಕಿ ಇರುಳು ಮಾಡುತ್ತಿದ್ದರು. ದೀಪದ ಕೋಣೆಗೆ ಹಳದಿ, ಮುಂಜಾವಿಗೆ ನಸುಗೆಂಪು. ಬರೀ ಕಪ್ಪು-ಬಿಳುಪಿನ ಪ್ರತಿಯಲ್ಲಿ ಓರ್ಲಾಕ್ ಹಾಡುಹಗಲೇ ಸಾಮಾನು ಸಾಗಿಸುವ ಬಾಡಿಗೆದಾರನಂತೆ ಕಾಣುತ್ತಾನೆ. ಇದೇ ಓರ್ಲಾಕ್ ಕೊನೆಯಲ್ಲಿ ಕೋಳಿ ಕೂಗಿ ಬಿಸಿಲು ತಾಗಿದೊಡನೆ ಕರಗಿ ಹೊಗೆಯಾಗಬೇಕು! ಈ ಚಿತ್ರಕ್ಕೆ ಮೂಲವಾದ ಬ್ರ್ಯಾಮ್ ಸ್ಟೋಕರ್ ಕಾದಂಬರಿಯ (1897) ಡ್ರಾಕುಲಾ ಹಗಲಲ್ಲೂ ಓಡಾಡಬಲ್ಲ. ಬಿಸಿಲಿಗೆ ಸಾಯುವ ರಕ್ತಪಿಶಾಚಿ ಈ ಚಿತ್ರದ ಸ್ವಂತ ಕಲ್ಪನೆ. ಆಮೇಲಿನ ಎಷ್ಟೋ ಭಯಚಿತ್ರಗಳು ಅದನ್ನೇ ನೆಚ್ಚಿಕೊಂಡವು. ನೀಲಿ ಹೋದರೆ ಆ ಸಾವಿಗೆ ಅರ್ಥವೇ ಇರುವುದಿಲ್ಲ.

ಬಣ್ಣವೆಂದರೆ ಆಮೇಲೆ ಬಳಿದ ಅಲಂಕಾರ, ಕಪ್ಪು-ಬಿಳುಪೇ ‘ಶುದ್ಧ’ ಎನ್ನುವವರು ನಮ್ಮ ಫಿಲಂ ಸೊಸೈಟಿ ವಲಯದಲ್ಲಿ ಇನ್ನೂ ಇದ್ದಾರೆ. ಅದು ಸವೆದ 16 ಎಂ.ಎಂ. ಪ್ರಿಂಟುಗಳನ್ನು ನೋಡಿ ನೋಡಿ ಬಂದ ಅಭ್ಯಾಸವೇ ಹೊರತು ರಸದೃಷ್ಟಿಯಲ್ಲ. ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿದ್ದಕ್ಕೆ ಸ್ಟೋಕರ್ ಪತ್ನಿ ಫ್ಲಾರೆನ್ಸ್ ಹೂಡಿದ ಮೊಕದ್ದಮೆಯಲ್ಲಿ 1925ರಲ್ಲಿ ಚಿತ್ರದ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂಬ ತೀರ್ಪು ಬಂತು. ಅದರಿಂದ ಪಾರಾದ ಪ್ರತಿಗಳ ನಕಲಿಗೆ ನಕಲಾಗುತ್ತ ಬಣ್ಣ ಉದುರಿಹೋಯಿತು. ಇದನ್ನು ಶುದ್ಧತೆ ಎಂದು ಕರೆಯುವುದು ನಷ್ಟವನ್ನೇ ಆದರ್ಶವಾಗಿಸಿದಂತೆ. ಫ್ರಾನ್ಸಿನ ಚಿತ್ರಭಂಡಾರ ಸಿನೆಮಾಟೆಕ್‌ನಲ್ಲಿ ಉಳಿದಿದ್ದ 1922ರ ಬಣ್ಣದ ಪ್ರಿಂಟನ್ನು ಆಧರಿಸಿ ಲೂಸಿಯಾನೊ ಬೆರಿಯಾಟುವಾ 2005-06ರಲ್ಲಿ ಚಿತ್ರವನ್ನು ಪುನರುದ್ಧಾರ ಮಾಡಿದ ಮೇಲಂತೂ ಈ ವಾದಕ್ಕೆ ನೆಲೆಯಿಲ್ಲ.

ಬೆಂಗಳೂರು ಅಂತರರಾಷ್ಟ್ರೀಯ ಚಿತ್ರೋತ್ಸವವನ್ನು ರಾಜಾಜಿನಗರದ ಒರಾಯನ್ ಮಾಲ್‌ನಲ್ಲಿ ನಡೆಸಿದವರು ಆ ಪ್ರತಿಯನ್ನು ಹಾನ್ಸ್ ಎರ್ಡ್‌ಮನ್ ಚಿತ್ರಕ್ಕೆಂದೇ ರಚಿಸಿದ ಸಂಗೀತದೊಡನೆ ದೊಡ್ಡ ತೆರೆಯ ಮೇಲೆ ತೋರಿಸಲಿ. ಮನೆಯಲ್ಲೇ ನೋಡುವವರಿಗೆ ಒಂದು ಮಾತು: ಪೆಟ್ಟಿಗೆ ಹೊತ್ತವನು ನಡೆಯುವ ಬೀದಿ ನೀಲಿಯಾಗಿಲ್ಲದಿದ್ದರೆ ಅಲ್ಲೇ ನಿಲ್ಲಿಸಿ, ಬೇರೆ ಪ್ರತಿ ಹುಡುಕಿ.