ರಿಪೋರ್ಟ್ ಚೆನ್ನಾಗಿರುವ ಬೊಜ್ಜು

ಮೈ ದಪ್ಪಗಿದ್ದರೇನು, ಬಿಪಿ, ಶುಗರ್, ಕೊಲೆಸ್ಟ್ರಾಲ್ ಮೂರೂ ಹದ್ದುಬಸ್ತಿನಲ್ಲಿದ್ದರೆ ಹೃದಯಕ್ಕೆ ಧಕ್ಕೆಯಿಲ್ಲ ಎನ್ನುವ ವಾದಕ್ಕೆ ಈ ಎರಡು ದಶಕಗಳಲ್ಲಿ ಯೋಗ್ಯತೆ ಮೀರಿದ ಮರ್ಯಾದೆ ಸಂದಿದೆ. ‘ಚಯಾಪಚಯ ಸರಿಯಿರುವ ಬೊಜ್ಜು’ ಎಂಬ ವರ್ಗವೊಂದು ಹುಟ್ಟಿ, ಅದರ ಮೇಲೆ ಪ್ರಬಂಧಗಳು ರಾಶಿ ಬಿದ್ದಿವೆ. ಹೊಟ್ಟೆಯ ಕೊಬ್ಬು ತೊಡೆಯ ಕೊಬ್ಬಿಗಿಂತ ಕೆಟ್ಟದ್ದೆಂದು ಫ್ರಾನ್ಸಿನ ವೈದ್ಯ ಜಾನ್ ವಾಗ್ 1947ರಲ್ಲೇ ಬರೆದದ್ದು, ಬಿಎಂಐ ಒರಟು ಅಳತೆ ಎಂಬುದು, ಇವೆಲ್ಲ ಓದುಗರಿಗೆ ಗೊತ್ತಿರುವುದೇ. ನಾನು ನಿಲ್ಲಬೇಕೆಂದಿರುವುದು ಒಂದೇ ಅಧ್ಯಯನದ ಮುಂದೆ, ಅದರಲ್ಲೂ ಒಂದೇ ಸಾಲಿನ ಮುಂದೆ.

ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ 2017ರಲ್ಲಿ ಪ್ರಕಟಿಸಿದ ಅಧ್ಯಯನವದು. ಬ್ರಿಟನ್ನಿನ ಕುಟುಂಬ ವೈದ್ಯರ ಕಡತಗಳಿಂದ 35 ಲಕ್ಷ ಜನರ ಮಾಹಿತಿ, ಸರಾಸರಿ ಐದು ವರ್ಷ ಚಿಲ್ಲರೆಯ ನಿಗಾ. ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ರಕ್ತದ ಕೊಬ್ಬಿನ ಏರುಪೇರು ಮೂರೂ ಇಲ್ಲದ ಬೊಜ್ಜಿನವರನ್ನು, ಅಷ್ಟೇ ನಿರೋಗಿಗಳಾದ ಸಾಧಾರಣ ತೂಕದವರ ಪಕ್ಕಕ್ಕಿಟ್ಟು ನೋಡಿದರು. ಹೃದಯದ ರಕ್ತನಾಳದ ಕಾಯಿಲೆಯ ಅಪಾಯ ಶೇ. 49ರಷ್ಟು ಹೆಚ್ಚು ಕಂಡಿತು, ಮಿದುಳಿನ ರಕ್ತನಾಳದ ಕಾಯಿಲೆಯದು ಶೇ. 7ರಷ್ಟು. ಪತ್ರಿಕೆಗಳು ಎತ್ತಿಕೊಂಡು ಮೆರೆಸಿದ್ದು ಈ 49ನ್ನು. ಅದರ ಜೊತೆಗೇ ಇದ್ದ ಇನ್ನೊಂದು ಅಂಕಿಯನ್ನು ಕೇಳಿದವರು ಕಡಿಮೆ: ಹೃದಯ ವೈಫಲ್ಯದ ಅಪಾಯ ಶೇ. 96ರಷ್ಟು ಹೆಚ್ಚು. ಅಂದರೆ ಹತ್ತಿರ ಹತ್ತಿರ ಎರಡು ಪಟ್ಟು.

ಇಡೀ ವಾದದ ಬುಡ ಅಲುಗುವುದು ಇಲ್ಲಿ. ರಕ್ತನಾಳ ಕಟ್ಟಿಕೊಳ್ಳುವುದರಲ್ಲಿ ಕೊಲೆಸ್ಟ್ರಾಲ್, ಸಕ್ಕರೆಗಳ ಪಾತ್ರ ದೊಡ್ಡದು. ಆ ದಾರಿಯನ್ನು ಲ್ಯಾಬ್ ರಿಪೋರ್ಟ್ ಒಂದಿಷ್ಟಾದರೂ ಕಾಯಬಲ್ಲದು. ಹೃದಯ ಸೋಲುವುದಕ್ಕೆ ಬೇರೆ ದಾರಿಯೂ ಇದೆ. ಮೈ ಹೆಚ್ಚಾದಷ್ಟೂ ಮೈಯಲ್ಲಿನ ರಕ್ತದ ಪ್ರಮಾಣ ಹೆಚ್ಚುತ್ತದೆ, ಅಷ್ಟನ್ನೂ ಹಗಲಿರುಳು ತಳ್ಳಬೇಕಾದ ಎಡ ಹೃತ್ಕುಕ್ಷಿಯ ಗೋಡೆ ದಪ್ಪವಾಗುತ್ತದೆ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಇದ್ದರಂತೂ ಹೃದಯಕ್ಕೆ ರಾತ್ರಿಯೂ ಬಿಡುವಿಲ್ಲ. ಇವು ಯಾವುವೂ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕೊಟ್ಟ ರಕ್ತದಲ್ಲಿ ಕಾಣುವುದಿಲ್ಲ. ಎರಡು ಮಹಡಿಗೆಂದು ಕೂರಿಸಿದ ಮೋಟರಿನಿಂದ ನಾಲ್ಕನೇ ಮಹಡಿಗೆ ನೀರೇರಿಸುತ್ತಾ, ನೀರು ಶುದ್ಧವಾಗಿದೆಯಲ್ಲ ಎಂದು ಸಮಾಧಾನ ಪಟ್ಟುಕೊಂಡ ಹಾಗೆ ಇದು.

ಅಧ್ಯಯನದಲ್ಲಿ ಕುಂದಿಲ್ಲವೆಂದಲ್ಲ. ವೈದ್ಯರ ಕಡತದಲ್ಲಿ ದಾಖಲಾಗದ ಬಿಪಿ ಅದರ ಲೆಕ್ಕಕ್ಕೆ ಬರುವುದಿಲ್ಲ. ಕಾಲಿನಂಥ ಅಂಗಗಳ ರಕ್ತನಾಳದ ಕಾಯಿಲೆ ಬೊಜ್ಜಿನವರಲ್ಲಿ ಶೇ. 9ರಷ್ಟು ಕಡಿಮೆ ಎಂಬ ವಿಚಿತ್ರವೂ ಅದರಲ್ಲಿತ್ತು. ಧೂಮಪಾನಿಗಳನ್ನು ತೆಗೆದಿಟ್ಟು ಲೆಕ್ಕ ಹಾಕಿದಾಗ ಅದು ತಿರುವುಮುರುವಾಯಿತು. ಬೊಜ್ಜಿನ ವಕೀಲರು ಮೊದಲ ಅಂಕಿಯನ್ನಷ್ಟೇ ಉಲ್ಲೇಖಿಸುತ್ತಾರೆಂಬುದು ಬೇರೆ ಮಾತು.

ನನ್ನ ಜಗಳ ಈ ವಕೀಲರ ಜೊತೆಗಷ್ಟೇ ಅಲ್ಲ. ಈ ಅಧ್ಯಯನ ಬಂದ ಕೂಡಲೇ ‘ದಪ್ಪಗಿದ್ದೂ ಗಟ್ಟಿಮುಟ್ಟಾಗಿರುವುದು ಬರೀ ಸುಳ್ಳು’ ಎಂದು ಷರಾ ಬರೆದವರ ಜೊತೆಗೂ ಇದೆ. ಅದರಲ್ಲಿ ಯಾರ ದೇಹದ ಕಸುವನ್ನೂ ಅಳೆದಿರಲೇ ಇಲ್ಲ! ಅಳೆಯದ್ದನ್ನು ಸುಳ್ಳೆನ್ನುವುದು ಯಾವ ಊರಿನ ವಿಮರ್ಶೆ? ಅಳೆದದ್ದು ಅಮೆರಿಕದ ಡಲ್ಲಾಸ್‌ನಲ್ಲಿ. 43 ಸಾವಿರ ಜನರನ್ನು ಟ್ರೆಡ್‌ಮಿಲ್ ಹತ್ತಿಸಿ ನೋಡಿದ ಆ ಅಧ್ಯಯನ 2013ರಲ್ಲಿ ಬಂತು. ದೇಹದ ಕಸುವನ್ನು ಲೆಕ್ಕಕ್ಕೆ ಹಿಡಿದರೆ, ರಿಪೋರ್ಟ್ ಚೆನ್ನಾಗಿರುವ ಬೊಜ್ಜಿನವರಿಗೂ ಸಾಧಾರಣ ಮೈಕಟ್ಟಿನ ನಿರೋಗಿಗಳಿಗೂ ಅಪಾಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದನ್ನೇ ಹಿಡಿದು ಮೆರೆಯುವವರು ಮರೆಯುವ ಸಂಗತಿ ಒಂದಿದೆ: ಅಲ್ಲಿಗೆ ತಪಾಸಣೆಗೆ ಬಂದವರು ಹೆಚ್ಚಾಗಿ ಓದಿಕೊಂಡ, ಉಳ್ಳ ಬಿಳಿಯರು. ಅವರ ಮೈ ಎಲ್ಲರ ಮೈ ಅಲ್ಲ. ಜರ್ಮನಿಯ ತಂಡವೊಂದು 2021ರಲ್ಲಿ ಕೊಲೆಸ್ಟ್ರಾಲನ್ನೇ ಕೈಬಿಟ್ಟು ಬಿಪಿ, ಸೊಂಟ-ನಿತಂಬದ ಅನುಪಾತ, ಸಕ್ಕರೆ ಕಾಯಿಲೆಗಳಿಂದ ಹೊಸ ವ್ಯಾಖ್ಯೆ ಕಟ್ಟಿತು. ಅದರಲ್ಲಿ ತೇರ್ಗಡೆಯಾದ ಬೊಜ್ಜಿನವರಿಗೆ ಹೃದ್ರೋಗದ ಸಾವು ಹೆಚ್ಚಿರಲಿಲ್ಲ. ಜಾಣ ಕೆಲಸವೇ. ಆದರೆ ಅವರು ಎಣಿಸಿದ್ದು ಸಾವನ್ನು. ಏದುಸಿರು ಬಿಡುತ್ತಾ, ಕಾಲು ಊದಿಸಿಕೊಂಡು ಬದುಕುಳಿದವರು ಆ ಎಣಿಕೆಯಲ್ಲಿ ಇಲ್ಲ.

ರಿಪೋರ್ಟ್ ಎಷ್ಟು ಕಾಲ ಚೆನ್ನಾಗಿ ಉಳಿಯುತ್ತದೆಂಬ ಪ್ರಶ್ನೆಯಂತೂ ಮುಗಿದೇ ಹೋಗಿದೆ. ಅಮೆರಿಕದ 90 ಸಾವಿರ ನರ್ಸ್‌ಗಳನ್ನು 30 ವರ್ಷ ಹಿಂಬಾಲಿಸಿದ ಅಧ್ಯಯನದಲ್ಲಿ, ಮೊದಲು ನಿರೋಗಿಗಳಾಗಿದ್ದ ಬೊಜ್ಜಿನ ಮಹಿಳೆಯರಲ್ಲಿ ಶೇ. 84ರಷ್ಟು ಮಂದಿ 20 ವರ್ಷದೊಳಗೆ ಬಿಪಿ, ಶುಗರ್, ಕೊಲೆಸ್ಟ್ರಾಲ್‌ಗಳಲ್ಲಿ ಒಂದಕ್ಕಾದರೂ ಸಿಕ್ಕಿದ್ದರು. ತೆಳ್ಳಗಿದ್ದವರಲ್ಲೂ ಶೇ. 68 ಮಂದಿ ಹಾಗೆಯೇ ಜಾರಿದರೆನ್ನುವುದನ್ನೂ ಹೇಳಬೇಕು.

ಇನ್ನು ನಮ್ಮ ಕಡೆಗೆ. ಬರ್ಮಿಂಗ್‌ಹ್ಯಾಮ್‌ನವರು ಬೊಜ್ಜೆಂದದ್ದು 30 ಮೀರಿದ ಬಿಎಂಐಯನ್ನು. ಭಾರತೀಯರಿಗೆ ವೈದ್ಯರು ಗೆರೆ ಎಳೆದಿರುವುದು 25ಕ್ಕೆ. ಪುಣೆಯ ವೈದ್ಯ ಯಾಜ್ಞಿಕ್ ಮತ್ತು ಲಂಡನ್ನಿನ ವೈದ್ಯ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೊ ಪ್ರಕಟಿಸಿ ತೋರಿಸಿದ್ದೇನು? ಇಬ್ಬರದೂ ಬಿಎಂಐ 22.3, ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ. 9.1, ಯಾಜ್ಞಿಕ್‌ಗೆ ಶೇ. 21.2. ಇಂಥ ಮೈಯವರಿಗೆ ಯುರೋಪಿನ ಸಮಾಧಾನವನ್ನು ಆಮದು ಮಾಡಿಕೊಳ್ಳುವುದು ಅಪಾಯ.

ಸಂಶೋಧಕರಿಗೆ ಈ ವರ್ಗ ಬೇಕಾದರೆ ಇಟ್ಟುಕೊಳ್ಳಲಿ. ಚಿಕಿತ್ಸೆಯ ಕೋಣೆಯಲ್ಲಿ ಅದಕ್ಕೆ ಕೆಲಸವಿಲ್ಲ. ‘ಎಲ್ಲ ನಾರ್ಮಲ್’ ಎಂದು ರಿಪೋರ್ಟ್ ಕೈಗಿತ್ತರೆ, ಸೊಂಟಕ್ಕೂ ಟೇಪು ಹಿಡಿಯಿರಿ ಎಂದು ಓದುಗರು ಡಾಕ್ಟರರನ್ನು ಕೇಳಲಿ: ನಮ್ಮಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮಿತಿ. ಮೆಟ್ಟಿಲು ಹತ್ತುವಾಗ ಉಸಿರು ಸಿಗದಿದ್ದರೆ ಅದನ್ನೂ ಬಾಯಿಬಿಟ್ಟು ಹೇಳಲಿ.