ಹಳೆಯ ಮಾತಿಗೆ ತಪ್ಪದ ಪರ್ಲ್

ಭಾಷಾವಿಜ್ಞಾನ ಓದಿದ್ದ ಲ್ಯಾರಿ ವಾಲ್ 1987ರಲ್ಲಿ ಹೊರತಂದ ಪರ್ಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಇಂದು ಎರಡು ಪರವಾನಗಿಗಳಡಿ ಸಿಗುತ್ತದೆ. ಒಂದು ಜಿಪಿಎಲ್ ಎಂಬ ಮುಕ್ತ ತಂತ್ರಾಂಶದ ಪರವಾನಗಿ, ಇನ್ನೊಂದು ವಾಲ್ ಅವರೇ ಬರೆದ ಆರ್ಟಿಸ್ಟಿಕ್ ಲೈಸೆನ್ಸ್. ಯಾವುದನ್ನು ಒಪ್ಪಬೇಕೆಂಬುದು ಬಳಸುವವರಿಗೇ ಬಿಟ್ಟದ್ದು. ಈ ಔದಾರ್ಯ ನಿಜಕ್ಕೂ ದೊಡ್ಡದು. ಆರ್ಟಿಸ್ಟಿಕ್ ಲೈಸೆನ್ಸಿನ ತಿರುಳು ಸರಳ: ಕೃತಿಯನ್ನು ತಿದ್ದಬಹುದು, ಆದರೆ ತಿದ್ದಿದ್ದನ್ನು ಮೂಲವೆಂದು ಬಿಂಬಿಸುವಂತಿಲ್ಲ. ಇಂಥ ಷರತ್ತು ಮುರಿದರೆ ಕೃತಿಸ್ವಾಮ್ಯದ ಉಲ್ಲಂಘನೆಯಾಗಬಲ್ಲದು ಎಂದು 2008ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಹೇಳಿತು. ಆ ವ್ಯಾಜ್ಯ ಹುಟ್ಟಿದ್ದು ಆಟಿಕೆ ರೈಲು ಓಡಿಸುವ ತಂತ್ರಾಂಶದಿಂದ.

ಹಳೆಯ ಪ್ರೋಗ್ರಾಮುಗಳ ಬಗ್ಗೆ ಪರ್ಲ್‌ಗೆ ಇರುವ ಕಾಳಜಿಯೂ ಅಷ್ಟೇ ಗಟ್ಟಿ. ಸಾಲನ್ನು ಮುದ್ರಿಸಿ ತಾನೇ ಮುಂದಿನ ಸಾಲಿಗೆ ಇಳಿಯುವ ‘ಸೇ’ ಆಜ್ಞೆ 2007ರ 5.10 ಆವೃತ್ತಿಯಲ್ಲಿ ಬಂತು. ಆದರೆ ಯಾರೋ ಎಂದೋ ತಮ್ಮ ಪ್ರೋಗ್ರಾಮಿನಲ್ಲಿ ಅದೇ ಹೆಸರಿನ ಫಂಕ್ಷನ್ ಬರೆದಿಟ್ಟಿರಬಹುದಲ್ಲ! ಹಾಗಾಗಿ ‘ಯೂಸ್ ವಿ5.10’ ಎಂಬಂಥ ಸಾಲು ಬರೆದು ಕೇಳಿಕೊಂಡವರಿಗಷ್ಟೇ ‘ಸೇ’ ಸಿಗುತ್ತದೆ. ಕೇಳದವರ ಕೋಡು ಇದ್ದಂತೆಯೇ ಇರುತ್ತದೆ. ಹೊಸ ಸೌಲಭ್ಯಗಳನ್ನು ತಾನಾಗಿಯೇ ಚಾಲೂ ಮಾಡುವ ಪರ್ಲ್ 7ರ ಯೋಜನೆ 2020ರಲ್ಲಿ ಪ್ರಕಟವಾಯಿತು, ಆದರೆ ಮುಂದೆ ಸಾಗಲಿಲ್ಲ. 1994ರಲ್ಲಿ ಬಂದ ಪರ್ಲ್ 5 ಇಂದಿಗೂ ಹೊಸ ಆವೃತ್ತಿಗಳನ್ನು ಕಾಣುತ್ತಿದೆ.